ಹುಳಗಳ ಉಪವಾಸ

ತೊಟ್ಟಿಯ ಮೇಲಿನ ಜಾಳಿಗೆ ಎತ್ತಿದ ಶಿವಕಾಂತ ಹಾಗೇ ನಿಂತುಬಿಟ್ಟ. ಕೋಳಿಮೇವಿಗೆ ಮಾರಲೆಂದು ಸಾಕಿದ್ದ, ಮಿಜಿಗುಡುವ ಹುಳಗಳ ನಡುವೆ ಸೌತೆಕಾಯಿ ಸಿಪ್ಪೆ, ಅನ್ನದ ಅಗುಳು. ಕುದಿಸುವ ಮುಂಚೆ ಒಂದು ದಿನ ಹುಳಕ್ಕೆ ಏನೂ ಹಾಕಬಾರದು, ಅದರ ಹೊಟ್ಟೆಯ ಹೊಲಸೆಲ್ಲ ಹೊರಗೆ ಹೋಗಬೇಕು, ಆಮೇಲೆ ಕುದಿಸಿ ಒಣಗಿಸಿ ಪುಡಿ ಮಾಡಿದರೇ ಕೋಳಿಮರಿಗೆ ಅರಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದ್ದ. ಎಲ್ಲರೂ ಎಂದರೆ ಅವ್ವ ಶಿವಬಸಮ್ಮ ಒಬ್ಬಳೇ.

"ನಾಳಿಗೆ ಹೋಗೋ ಜೀವಕ್ಕ ಇವತ್ತಿನ ತುತ್ತು ಯಾಕ ತಪ್ಪಸ್ಬೇಕು?" ಎಂದಳು ಅವ್ವ. ಸಾಲಗುಂದದ ಆ ಮನೆಯ ಬಾಗಿಲಿಗೆ ಬಂದ ನಾಯಿಯೂ ಬರಿಹೊಟ್ಟೆಯಲ್ಲಿ ಹೋದದ್ದಿಲ್ಲ.

ಪಾಮನಕಲ್ಲೂರಿನಿಂದ ಕೋಳಿ ಸಾಕುವ ಹುಸೇನಬಾಷಾ ಆಗಲೇ ಬಂದು ಹಿತ್ತಲಲ್ಲಿ ಕೂತಿದ್ದ. ಬೇರೆ ಯಾರದೋ ಹಸಿ ಹುಳ ತಿಂದು ಅವನ ಮರಿಗಳು ಸತ್ತಿದ್ದವು. ಹೀಗಾಗಿ ಕುದಿಸುವುದನ್ನು ಕಣ್ಣಾರೆ ನೋಡಿಯೇ ಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದ. ಶಿವಕಾಂತನಿಗೆ ಅವನೇ ಮೊದಲ ಗಿರಾಕಿ. ಸಿಪ್ಪೆ ಆರಿಸಿ ತೆಗೆದು ಹುಳಗಳನ್ನು ಬಿಸಿನೀರಿಗೆ ಸುರಿದಿದ್ದರೆ ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಸುಳ್ಳು ಶಿವಕಾಂತನ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ. ನಾಳೆ ಇನ್ನೊಂದೇ ಸಲ ಬರುತ್ತೇನೆ, ಆಮೇಲೆ ಬರುವುದಿಲ್ಲ ಎಂದು ಹುಸೇನಬಾಷಾ ಗಾಡಿ ಹತ್ತಿದ.

ಶಿವಬಸಮ್ಮನ ಮುಖ ಬಾಡಿತು. ತನ್ನ ಕರುಣೆಯೇ ಮಗನ ದಂಧೆಗೆ ಮುಳುವಾಯಿತಲ್ಲ ಎಂದು ಸಂಕಟಪಟ್ಟಳು. ಸಿಪ್ಪೆಯನ್ನೆಲ್ಲ ತಾನೇ ಹೆಕ್ಕಿ ತೆಗೆದು, ತೊಟ್ಟಿಯ ಪಕ್ಕದಲ್ಲೇ ಕಾವಲು ಕೂತಳು. ಅಡುಗೆಮನೆಯ ಒಲೆ ಹೊತ್ತಲಿಲ್ಲ. ಶಿವಕಾಂತ ಸಿಂಧನೂರಿನಿಂದ ತಿನ್ನಲಿಕ್ಕೆ ಮಂಡಾಳ ಒಗ್ಗರಣೆ ಕಟ್ಟಿಸಿಕೊಂಡು ಬಂದರೂ ಅವ್ವ ಮುಟ್ಟಲಿಲ್ಲ.

"ಅವು ಉಪಾಸ ಇದ್ರ ನೀ ಯಾಕವ್ವ?"

"ನಾ ಉಣ್ಣಾಕ ಕುಂತ್ರ ಅವಕ್ಕೂ ಒಂದ್ ತುತ್ತು ಹಾಕೇ ಹಾಕ್ತೀನಿ. ನನ್ ಕೈ ನನಗ ಗೊತ್ತು."

ಮರುದಿನ ಹುಸೇನಬಾಷಾನ ಎದುರಿಗೇ ಹುಳಗಳು ಕುದಿಯುವ ನೀರಿಗೆ ಬಿದ್ದವು. ಶಿವಬಸಮ್ಮ ಮುಖ ತಿರುಗಿಸಿ ನಿಂತಳು. ಬೆಂದು ಆರಿದ ಮೇಲೆ ಹುಸೇನಬಾಷಾ ಒಂದು ಹಿಡಿ ತೆಗೆದು ಮೂಸಿ ನೋಡಿದ. ನಾತ ಇರಲಿಲ್ಲ. ಒಣಗಿದ ಮೇಲೆ ಎಲ್ಲವೂ ತನಗೇ ಇರಲಿ ಎಂದ. ಶಿವಕಾಂತನಿಗೆ ಹೋದ ಜೀವ ಬಂದಂತಾಯಿತು.

ಹೊರಟವನಿಗೆ ಶಿವಬಸಮ್ಮ ರೂಢಿಯಂತೆ ಉಂಡು ಹೋಗಲು ಹೇಳಿದಳು. ಹೇಳಿದ ಮೇಲೆ ಮನೆಯಲ್ಲಿ ಒಂದು ರೊಟ್ಟಿಯೂ ಇಲ್ಲವೆಂಬುದು ನೆನಪಾಗಿ ನಾಚಿ ತಲೆ ತಗ್ಗಿಸಿದಳು. ಅವ್ವನ ಉಪವಾಸದ ಕಥೆಯನ್ನು ಶಿವಕಾಂತ ನಗುತ್ತಲೇ ಹೇಳಿದ.

ಹುಸೇನಬಾಷಾ ನಗಲಿಲ್ಲ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತ.

"ರೊಟ್ಟಿ ಬಡೀರಿ ಅವ್ವಾರ, ಕುಂದರ್ತೀನಿ. ನಿಮ್ಮನ್ನ ಉಪಾಸ ಬಿಟ್ಟು ಹೋದ್ರ, ಈ ಹುಳ ನನ್ನ ಕೋಳಿಗೆ ಅರಗಂಗಿಲ್ಲ."