ದೊಡ್ಡ ಅಕ್ಷರ

ಮಂದಾಕಿನಿ ಅವರೆಕಾಯಿ ಸುಲಿಯುತ್ತಲೇ ಅತ್ತೆಯ ಮೊಬೈಲಿನತ್ತ ಕಣ್ಣು ಹಾಯಿಸಿದಳು. ಕಣ್ಣು ಮಂಜಾಗಿದೆ ಎಂದು ಅತ್ತೆ ಗೊಣಗಿದ್ದಕ್ಕೆ ಅಕ್ಷರ ದೊಡ್ಡದು ಮಾಡಿಕೊಟ್ಟವಳು ಅವಳೇ. ಈಗ ಅಡುಗೆಮನೆಯಿಂದಲೂ ಓದಬಹುದಿತ್ತು. ಅತ್ತೆ ತಂಗಿಗೆ ಬರೆಯುತ್ತಿದ್ದರು: "ನನ್ನ ಸೊಸೆ ಅಪ್ಪಟ ಬಂಗಾರ ಕಣೇ." ಹತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡದ ಇಂಥ ಮಾತು, ವಾರದಿಂದ ದಿನಕ್ಕೊಂದು.

"ಹೊಸ ಕನ್ನಡಕ ಬಂತಲ್ಲಮ್ಮ, ಅಕ್ಷರ ಮೊದಲಿನ ಹಾಗೇ ಚಿಕ್ಕದು ಮಾಡಿಕೊಡು," ಎಂದು ಅತ್ತೆ ಮೊಬೈಲು ಚಾಚಿದರು.

ಅವಳು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ತಂಗಿಯ ಉತ್ತರ ಬಂತು: "ಅಕ್ಕಾ, ಬೇಗ ಚಿಕ್ಕದು ಮಾಡಿಸ್ಕೋ. ಅವಳು ದೂರದಿಂದ ಓದ್ತಾಳೆ ಅಂತ ಇನ್ನೆಷ್ಟು ದಿನ ಹೊಗಳ್ತೀಯ?"

"ಒಂದು ಸಲ ದೊಡ್ಡದು ಮಾಡಿದ್ರೆ ಮತ್ತೆ ಚಿಕ್ಕದಾಗಲ್ಲ ಅತ್ತೆ," ಎಂದು ಮಂದಾಕಿನಿ ಮೊಬೈಲು ವಾಪಸು ಕೊಟ್ಟಳು.