ಕಾರಿನ ಬೆನ್ನ ಮೇಲಿನ ಹೆಸರು

ಕಾರುಗಳು ತಮಗೆ ಇಷ್ಟವಾದವರ ಹೆಸರನ್ನು ತಾವೇ ಬೆನ್ನ ಮೇಲೆ ಮೂಡಿಸಿಕೊಳ್ಳುತ್ತಿದ್ದ ಕಾಲವದು. ಎದುರುಮನೆ ವಕೀಲರ ಕಾರಿನ ಮೇಲೆ ಅವರ ಅತ್ತೆಯ ಹೆಸರು ಬಂದಾಗ ವಾರಿಜಾಕ್ಷಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಈಗ ಅವಳದೇ ಕಾರಿನ ಹಿಂದೆ, ಬೆಳ್ಳಿಯಂತೆ ಹೊಳೆಯುವ ಅಕ್ಷರಗಳಲ್ಲಿ, ಒಂದೇ ಮನೆಯಲ್ಲಿರುವ ಓರಗಿತ್ತಿ ಕುಮುದಳ ಹೆಸರು ಮೂಡಿತ್ತು. ಕಾರು ಕೊಂಡವಳು ವಾರಿಜಾಕ್ಷಿ, ಓಡಿಸುವವಳೂ ಅವಳೇ. ಕುಮುದಳಿಗೆ ಡ್ರೈವಿಂಗೇ ಬಾರದು.

ಬೀದಿಯವರು ಓದುವ ಮೊದಲೇ ಕಿತ್ತುಬಿಡಬೇಕೆಂದು ಅವಳು ಹೇರ್ ಡ್ರೈಯರಿನಿಂದ ಅಕ್ಷರಗಳನ್ನು ಬಿಸಿಮಾಡಿ, ಹಿಂದೆ ದಾರ ತೂರಿಸಿ ಗರಗಸದಂತೆ ಎಳೆಯತೊಡಗಿದಳು. ‘ಕು’ ಉದುರಿತು. ‘ಮು’ ಅಲ್ಲಾಡಲಿಲ್ಲ.

“ಅಕ್ಕಾ, ಬಣ್ಣ ಕಿತ್ತು ಬರುತ್ತೆ, ತಡೀರಿ,” ಎನ್ನುತ್ತ ಕುಮುದಳೇ ಕೊಬ್ಬರಿ ಎಣ್ಣೆ ತಂದು ಅಂಟಿನ ಮೇಲೆ ಹಚ್ಚಿದಳು. ತನ್ನ ಹೆಸರು ಉದುರುವುದನ್ನು ನೋಡಿಯೂ ಅವಳ ಮುಖ ಬಾಡಲಿಲ್ಲ. ಅದಕ್ಕೂ ವಾರಿಜಾಕ್ಷಿಗೆ ಹೊಟ್ಟೆ ಉರಿಯಿತು.

“ಏನು ಮದ್ದು ಹಾಕಿದ್ದೀಯೇ ಇದಕ್ಕೆ?”

“ಅಯ್ಯೋ, ಮದ್ದೆಲ್ಲಿ ಬಂತಕ್ಕಾ! ನೀವು ದಡಾರನೆ ಬಾಗಿಲು ಬಡಿದು ಒಳಗೆ ಹೋಗ್ತೀರಲ್ಲ, ಆಮೇಲೆ ನಾನು ಬಂದು ಇದರ ಬೆನ್ನು ಸವರಿ, ‘ಸುಸ್ತಾಯ್ತಾ?’ ಅಂತ ಕೇಳ್ತೀನಿ. ಅಷ್ಟೇ.”

ವಾರಿಜಾಕ್ಷಿ ಕೊನೆಯ ‘ದ’ ಕಿತ್ತಳು.

ಸಂಜೆ ಆಫೀಸಿನಿಂದ ಬಂದವಳು ಕಾರಿನ ಬಾಗಿಲನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಮುಚ್ಚಿದಳು. ಬೋಳಾಗಿದ್ದ ಬೆನ್ನನ್ನು ದಿಟ್ಟಿಸಿದಳು. ಅಷ್ಟರಲ್ಲಿ ಕುಮುದ ಎಂದಿನಂತೆ ಮೆಟ್ಟಿಲಿಳಿದು ಬರುವುದು ಕಂಡಿತು.

“ನೀನು ಅಲ್ಲೇ ನಿಲ್ಲೇ!” ಎಂದು ಗದರಿ, ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ವಾರಿಜಾಕ್ಷಿ ಕಾರಿನ ಬೆನ್ನ ಮೇಲೆ ಕೈಯಿಟ್ಟಳು. “ಇವತ್ತು ನಾನೇ ಕೇಳ್ತೀನಿ.”