ನಾಲ್ಕು ಸ್ಪೇಸ್

ಟೀಮಿನ ಆರು ಜನರಲ್ಲಿ ಕೋಡನ್ನು ನಿಯಮದಂತೆ ಬರೆಯುತ್ತಿದ್ದವನು ನಾನೊಬ್ಬನೇ: ಸಾಲಿನ ಮೊದಲಿಗೆ ನಾಲ್ಕು ಸ್ಪೇಸ್, ಈಕ್ವಲ್ ಚಿಹ್ನೆಯ ಆಚೀಚೆ ಒಂದೊಂದು. ಉಳಿದವರದು ಮನಸ್ಸಿಗೆ ಬಂದ ಹಾಗೆ. ಹೇಳಿ ಹೇಳಿ ಸಾಕಾಗಿ, ಹೋದ ವಾರ ಎಲ್ಲರ ಕೋಡನ್ನೂ ನಾನೇ ಕೂತು ಓರಣ ಮಾಡಿದೆ. ಕೊನೆಗೆ ಮುಟ್ಟಿದವನು ನಾನಾದ್ದರಿಂದ ದಾಖಲೆಯಲ್ಲಿ ಪ್ರತಿ ಸಾಲಿನ ಮುಂದೆಯೂ ನನ್ನ ಹೆಸರು ಬಂತು.

ಇವತ್ತು ನಮ್ಮ ಸಾಫ್ಟ್‌ವೇರ್ ಒಂದು ಆಂಬುಲೆನ್ಸನ್ನು ತಪ್ಪು ಊರಿಗೆ ಕಳಿಸಿತು. ರೋಗಿ ಉಳಿಯಲಿಲ್ಲ. ಹುಡುಕಿದರೆ, ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ.

“ಈ ಸಾಲು ನಿಮ್ಮ ಹೆಸರಲ್ಲಿದೆಯಲ್ರೀ,” ಎಂದರು ಮ್ಯಾನೇಜರ್ ಮೇಡಂ.

“ಎಲ್ಲಾ ಸಾಲೂ ನನ್ನ ಹೆಸರಲ್ಲೇ ಇದೆ ಮೇಡಂ! ನಾನು ಬರೀ ಸ್ಪೇಸ್ ಸರಿ ಮಾಡಿದ್ದು. ಬರೆದಿದ್ದು ಇವರಲ್ಲೇ ಯಾರೋ.”

ಐದೂ ಜನ ತಲೆ ತಗ್ಗಿಸಿ ನಿಂತಿದ್ದರು.

“ಯಾರು ಅಂತ ಹೇಗ್ರೀ ಗೊತ್ತಾಗುತ್ತೆ?”

“ನಾನು ಮುಟ್ಟೋಕೆ ಮುಂಚಿನ ಪ್ರತಿ ತೆಗೀರಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಅದರಲ್ಲಿ ಹೆಸರಿಲ್ಲದಿದ್ರೂ ಬರೆದಿರೋ ರೀತಿ ನೋಡಿದ್ರೆ ಸಾಕು, ಯಾರದ್ದು ಅಂತ ಹೇಳ್ಬಿಡ್ತೀನಿ.”

ಮೇಡಂ ಹಳೆಯ ಪ್ರತಿಯಲ್ಲಿ ಆ ಸಾಲು ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಸಾಲಿನ ಮೊದಲಿಗೆ ನಾಲ್ಕು ಸ್ಪೇಸ್, ಈಕ್ವಲ್ ಚಿಹ್ನೆಯ ಆಚೀಚೆ ಒಂದೊಂದು.